ಟೀಚರಮ್ಮನ ಮನೆಯಲ್ಲಿದ್ದ ಪೆಟ್ಟಿಗೆ

ಬೀಗದವನ ಸಬ್ಬತ್ ಎಂದರೆ ಸಬ್ಬತ್. ಶುಕ್ರವಾರ ಹೊತ್ತು ಮುಳುಗಿತೆಂದರೆ ಮರುದಿನ ಹೊತ್ತು ಮುಳುಗುವವರೆಗೆ ಅದು ದೇವರ ದಿನ, ಕೆಲಸಕ್ಕೆ ರಜೆ; ಬೀಗ ಮುಟ್ಟುವಂತಿಲ್ಲ. ಸ್ವಂತ ಮನೆಗೂ ಬರೀ ಚಿಲಕ. ಊರಿಗೆಲ್ಲ ಬೀಗ ಹಾಕಿಕೊಡುವವನ ಮನೆಯೇ ಬಟಾಬಯಲು ಎಂದು ಬೀದಿಯವರು ನಗುತ್ತಿದ್ದರು. ತನ್ನ ಕೈ ಸುಮ್ಮನಿರುವ ಜಾತಿಯದಲ್ಲ ಎಂಬುದು ಅವನಿಗೇ ಗೊತ್ತಿತ್ತು. ಅದಕ್ಕೇ ಪ್ರತಿ ಶುಕ್ರವಾರ ಸಂಜೆ ಹತಾರದ ಪೆಟ್ಟಿಗೆಯನ್ನು ಪಕ್ಕದ ಮನೆಯ ಒಂಟಿ ಟೀಚರಮ್ಮನಿಗೆ ಒಪ್ಪಿಸಿ ಬರುತ್ತಿದ್ದ.

"ನಾನೇ ಬಂದು ಕೇಳಿದ್ರೂ ಕೊಡ್ಬೇಡಿ ಅಮ್ಮ."

ಇವನು ಎಂದಾದರೂ ಕೇಳಿಯಾನೇ ಎಂಬ ಕುತೂಹಲ ಅವನ ಹೆಂಡತಿಗೆ ಮದುವೆಯಾದಾಗಿನಿಂದ ಇತ್ತು. ಅಂಥ ಹಟಮಾರಿಯನ್ನು ಕಟ್ಟಿಕೊಂಡವರಿಗೆ ಇನ್ನೇನು ಮನರಂಜನೆ!

ಒಂದು ಶನಿವಾರ ಬೆಳಿಗ್ಗೆ ಗೋಡೆಯಾಚೆ ಏನೋ ದೊಪ್ಪೆಂದು ಬಿತ್ತು. ಇಬ್ಬರೂ ಓಡಿದರು.

"ಬಿದ್ಬಿಟ್ಟೆ ಕಣಪ್ಪ," ಒಳಗಿನಿಂದ ಟೀಚರಮ್ಮನ ಕ್ಷೀಣ ದನಿ. "ಏಳಕ್ಕಾಗ್ತಿಲ್ಲ. ಉಬ್ಬಸ... ಔಷಧಿ ಮೇಜಿನ ಮೇಲಿದೆ."

ಒದ್ದರೂ ಅಲುಗದ ಬಾಗಿಲು. ಕಳ್ಳರ ಭಯಕ್ಕೆ ಟೀಚರಮ್ಮ ಹಟ ಹಿಡಿದು ಹಾಕಿಸಿಕೊಂಡ ಬೀಗ. ಹಾಕಿಕೊಟ್ಟವನು ಇವನೇ. ಬಿಚ್ಚುವ ಹತಾರಗಳೂ ಅದೇ ಬಾಗಿಲ ಹಿಂದೆ ಕೂತಿದ್ದವು.

ಬೀಗದವನು ಬೆನ್ನ ಹಿಂದೆ ಕೈ ಕಟ್ಟಿಕೊಂಡು ನಿಂತ. ಒಂದು ಕೈ ಇನ್ನೊಂದನ್ನು ಬಿಗಿಯಾಗಿ ಹಿಡಿದಿತ್ತು. ಅಷ್ಟು ವರ್ಷ ಕಾದ ಕುತೂಹಲ ಆ ಗಳಿಗೆಯಲ್ಲಿ ಹೆಂಡತಿಗೆ ಬೇಡವಾಯಿತು. ಭಯವಾಯಿತು. ಒಳಗೆ ಉಸಿರು ಸುಯ್ಗುಡುವುದು ಹೊರಗೇ ಕೇಳುತ್ತಿತ್ತು.

"ರೀ..." ಎಂದಳು.

"ಹೇರ್‌ಪಿನ್ ಕೊಡು," ಎಂದ. "ಎರಡು."

ಅವಳ ಜಡೆ ಬಿಚ್ಚಿಕೊಳ್ಳುವಷ್ಟರಲ್ಲಿ ಬೀಗವೂ ಬಿಚ್ಚಿಕೊಂಡಿತು.

ಔಷಧಿಯ ಪಂಪು ಬಾಯಿಗಿಟ್ಟು ಎಳೆದುಕೊಂಡು ಸುಧಾರಿಸಿಕೊಂಡ ಟೀಚರಮ್ಮನ ಮೊದಲ ಮಾತು, "ನಿನ್ನ ಸಬ್ಬತ್ ಕೆಡಿಸಿಬಿಟ್ನಲ್ಲಪ್ಪ."

"ಸುಮ್ನಿರಿ ಅಮ್ಮ. ಮೊದ್ಲು ಉಸಿರಾಡಿ."

ಮನೆಗೆ ಬಂದ ಮೇಲೆ ಹೆಂಡತಿಗೆ ತಡೆಯಲಾಗಲಿಲ್ಲ. "ತಪ್ಪು ಮಾಡ್ದೆ ಅನ್ನಿಸ್ತಾ ನಿಮಗೆ?"

"ಅನ್ನಿಸ್ತು."

"ಬೀಗ ತೆಗೆದಿದ್ದಾ?"

"ಅಲ್ಲ. ತೆಗೆಯೋಕೆ ಮುಂಚೆ ಕೈ ಕಟ್ಕೊಂಡು ನಿಂತಿದ್ನಲ್ಲ, ಅದು."

ಮುಂದಿನ ಶುಕ್ರವಾರವೂ ಪೆಟ್ಟಿಗೆ ಎಂದಿನಂತೆ ಪಕ್ಕದ ಮನೆಗೆ ಹೋಯಿತು. ಪ್ರಾರ್ಥನೆಗೆ ಹಾಕಿಕೊಳ್ಳುವ ಅವನ ಒಗೆದ ಅಂಗಿಯನ್ನು ತೆಗೆದಿಡುವಾಗ ಹೆಂಡತಿಗೆ ಜೇಬಿನಲ್ಲಿ ತನ್ನ ಎರಡು ಹೇರ್‌ಪಿನ್ ಸಿಕ್ಕವು. ಅವಳು ಅವನ್ನು ಅಲ್ಲೇ ಬಿಟ್ಟಳು.