ಅಪ್ಪನ ಕಾರಿಗೆ ಆಲ್ಟರ್ನೇಟರ್

ಅಪ್ಪನ ಅಂಬಾಸಿಡರ್ ವಯಸ್ಸಿನಲ್ಲಿ ನನಗಿಂತ ಹಿರಿಯದು. ಬಸವೇಶ್ವರನಗರದ ನಮ್ಮ ಮನೆಯ ಗೇಟನ್ನು ಅದರ ಅಳತೆ ನೋಡಿಯೇ ಮಾಡಿಸಿದ್ದು. ಪ್ರತಿ ಶನಿವಾರ ಮಧ್ಯಾಹ್ನ ಅಪ್ಪ ಅದರಲ್ಲಿ ಕೆಂಗೇರಿಗೆ ಹೋಗಿ, ತಮ್ಮ ಅಕ್ಕನನ್ನು, ಅಂದರೆ ನನ್ನ ಅತ್ತೆಯನ್ನು, ಮಾತಾಡಿಸಿಕೊಂಡು ದೀಪ ಹಚ್ಚುವ ಹೊತ್ತಿಗೆ ಹಿಂತಿರುಗುತ್ತಿದ್ದರು. ಎಪ್ಪತ್ತೈದು ದಾಟಿದ ಮೇಲೂ ಅದು ತಪ್ಪಿರಲಿಲ್ಲ.

ಒಂದು ಶನಿವಾರ ಬಲಗಡೆಯ ಮಡ್‌ಗಾರ್ಡನ್ನು ಡಿವೈಡರ್‌ಗೆ ಉಜ್ಜಿಕೊಂಡು ಬಂದರು. ಕೇಳಿದರೆ ಹೆಡ್‌ಲೈಟ್ ಮಂಕು ಎಂದರು. ಕುಣಿಯೋಕೆ ಬಾರದವಳು ನೆಲ ಡೊಂಕು ಅಂದಳಂತೆ ಎಂದು ನಾನು ಅಂದೇಬಿಟ್ಟೆ. ನನ್ನ ನಾಲಗೆಗೆ ಲಗಾಮು ಕಡಿಮೆ. ಆದರೆ ಅವರ ಮಾತಿನಲ್ಲಿ ನಿಜವೂ ಇತ್ತು. ಹಳೆಯ ಡೈನಮೋ ಗಾಡಿ ಓಡುವಾಗಷ್ಟೇ ಸರಿಯಾಗಿ ಕರೆಂಟ್ ಕೊಡುತ್ತದೆ, ಸಿಗ್ನಲ್‌ನಲ್ಲಿ ನಿಂತರೆ ದೀಪ ಕೆಂಪಗೆ ಸೊರಗುತ್ತದೆ. ನಿಂತಾಗಲೂ ಕರೆಂಟ್ ಕೊಡುವ ಆಲ್ಟರ್ನೇಟರ್ ಹಾಕಿಸೋಣ, ಆಮೇಲೂ ಎಲ್ಲಾದರೂ ಗೀಚಿಕೊಂಡು ಬಂದರೆ ಕಾರಿನ ಕೀ ನನ್ನದು ಎಂದು ಷರತ್ತು ಹಾಕಿದೆ. ಅಪ್ಪ ತಕ್ಷಣ ಒಪ್ಪಿದರು. ಅಷ್ಟು ಸುಲಭಕ್ಕೆ ಅವರು ಯಾವುದಕ್ಕೂ ಒಪ್ಪಿದವರಲ್ಲ.

ಬಾಪೂಜಿ ನಗರದ ಒಬ್ಬ ಎಲೆಕ್ಟ್ರಿಷಿಯನ್ ಈ ಕೆಲಸ ಬಲ್ಲವರು. ಯಾವುದೋ ಸಣ್ಣ ಕಾರಿನ ಆಲ್ಟರ್ನೇಟರ್ ತಂದು, ಕಬ್ಬಿಣದ ಪಟ್ಟಿ ಬಗ್ಗಿಸಿ, ತೂತು ಕೊರೆದು, ಬೆಲ್ಟಿನ ನೇರಕ್ಕೆ ಕೂರಿಸಲು ಎರಡು ದಿನ ತೆಗೆದುಕೊಂಡರು. ಕೊನೆಗೆ ಬ್ಯಾಟರಿಯನ್ನೇ ತಿರುಗಿಸಿ ಇಟ್ಟರು. ಅಪ್ಪನ ಕಾರಿನಲ್ಲಿ ಮೊದಲಿನಿಂದಲೂ ಪ್ಲಸ್ ವೈರು ಕಾರಿನ ಮೈಗೆ ಸೇರುತ್ತಿತ್ತು. ಈಗ ಮೈನಸ್ ಸೇರಬೇಕು. ಅದಲುಬದಲಾದರೆ ಆಲ್ಟರ್ನೇಟರ್ ಸುಟ್ಟುಹೋಗುತ್ತದೆ ಎಂದು ಎಚ್ಚರಿಸಿ, ಮೈನಸ್ ಸೇರುವ ಜಾಗದಲ್ಲಿ ಬಿಳಿ ಬಣ್ಣದಿಂದ ಒಂದು ಮೈನಸ್ ಗೀಟು ಎಳೆದರು. ಅದಾದ ಮೇಲೆ ಎರಡು ಶನಿವಾರ ಅಪ್ಪ ಒಂದು ಗೀಚೂ ಇಲ್ಲದೆ ಬಂದರು. ಅವರು ಗೆದ್ದರು ಅಂದುಕೊಂಡು ನಾನೂ ಸುಮ್ಮನಾದೆ.

ಆಯುಧಪೂಜೆಯ ಬೆಳಿಗ್ಗೆ ಅಪ್ಪ ಎಂದಿನಂತೆ ಬ್ಯಾಟರಿ ಇಳಿಸಿದರು. ಕಾರನ್ನು ಯಾರು ಬೇಕಾದರೂ ತೊಳೆಯಬಹುದು, ಬ್ಯಾಟರಿಯನ್ನು ಮಾತ್ರ ಅವರಲ್ಲದೆ ಇನ್ನೊಬ್ಬರು ಮುಟ್ಟುವ ಹಾಗಿಲ್ಲ. ಬಿಸಿನೀರು ಹುಯ್ದು ಕಿಲುಬು ತೆಗೆದು, ಗ್ರೀಸ್ ಸವರಿ, ಕುಂಕುಮ ಇಟ್ಟು ಮತ್ತೆ ಜೋಡಿಸುತ್ತಾರೆ. ನಾನು ಟೈರಿನ ಕೆಳಗಿಡಲು ನಿಂಬೆಹಣ್ಣು ತರುವಷ್ಟರಲ್ಲಿ ಕಿಡಿ ಹಾರಿ, ಬಾನೆಟ್ಟಿನ ಒಳಗಿಂದ ಹೊಗೆ ಎದ್ದಿತು. ಬ್ಯಾಟರಿಯನ್ನು ಹಳೆಯ ದಿಕ್ಕಿಗೇ ಇಟ್ಟು, ಹಿಡಿಸದ ಕ್ಲಾಂಪನ್ನು ತಟ್ಟಿ ಕೂರಿಸಿದ್ದರು. ನಾನು ಓಡಿ ಬರುವಷ್ಟರಲ್ಲಿ ವೈರು ಕಿತ್ತು ಕೈಯಲ್ಲಿ ಹಿಡಿದುಕೊಂಡಿದ್ದರು.

ಹಬ್ಬ ಕಳೆದ ಮೇಲೆ ಕಾರನ್ನು ಬಾಪೂಜಿ ನಗರಕ್ಕೆ ಎಳೆಸಿಕೊಂಡು ಹೋದೆವು. ದಾರಿಯುದ್ದಕ್ಕೂ ನಾನು ಗೊಣಗುತ್ತಲೇ ಇದ್ದೆ. ಎಲೆಕ್ಟ್ರಿಷಿಯನ್ ಮಾತ್ರ ನಕ್ಕುಬಿಟ್ಟರು.

“ನಲವತ್ತು ವರ್ಷದ ಅಭ್ಯಾಸ ಮೇಡಂ, ಕೈ ತಾನಾಗೇ ಅಲ್ಲಿಗೆ ಹೋಗುತ್ತೆ.”

ಆ ಮಾತು ನನಗೆ ಎಷ್ಟು ಹಿಡಿಸಿತೆಂದರೆ, ಅಲ್ಲಿಂದಲೇ ಅತ್ತೆಗೆ ಫೋನ್ ಮಾಡಿ ಹೇಳಿ ನಗಾಡಿದೆ. ಅಪ್ಪನೂ ನಕ್ಕರು. ಎಲೆಕ್ಟ್ರಿಷಿಯನ್ ಸುಟ್ಟ ಭಾಗಗಳನ್ನು ಬದಲಿಸಿ ಸಂಜೆಗೆ ಕಾರು ಕೊಟ್ಟರು.

ಅಪ್ಪ ಕೀಯನ್ನು ನನ್ನ ಕೈಗಿಟ್ಟು ಎಡಗಡೆ ಹೋಗಿ ಕೂತರು. ಸುಸ್ತಾಗಿರಬೇಕು ಅಂದುಕೊಂಡೆ. ಮೈಸೂರು ರಸ್ತೆಯ ಸಿಗ್ನಲ್‌ನಲ್ಲಿ ನಿಂತಾಗ ದೀಪ ಒಂದಿಷ್ಟೂ ಸೊರಗಲಿಲ್ಲ, ಮುಂದಿನ ಗಾಡಿಯ ಹಿಂಭಾಗವೆಲ್ಲ ಬೆಳಗುತ್ತಿತ್ತು. ನಾನೇ ಕೂತು ಮಾಡಿದ ಕೆಲಸವೇನೋ ಎಂಬಂತೆ ಹೆಮ್ಮೆಯಾಯಿತು. ಬೆಳಕು ಈಗ ಹೇಗಿದೆ ಎಂದು ಕೇಳಿದೆ.

“ಅಭ್ಯಾಸ ಅಲ್ಲ ಕಣೇ,” ಎಂದರು ಅಪ್ಪ. “ಅವ್ರು ಎಳೆದಿದ್ದ ಗೀಟು ನಂಗೆ ಕಾಣ್ಲೇ ಇಲ್ಲ.”

ಗೀಚಿಲ್ಲದೆ ಬಂದ ಆ ಎರಡು ಶನಿವಾರಗಳು ನೆನಪಾದವು. ಅಪ್ಪ ಗಾಜಿನ ಹತ್ತಿರಕ್ಕೆ ಮುಖ ಚಾಚಿ ಸ್ವಲ್ಪ ಹೊತ್ತು ನೋಡಿದರು.

“ಮುಂದೆ ನಿಂತಿರೋದು ಬಸ್ಸಾ, ಲಾರೀನಾ?”

ಬಸ್ಸು ಎಂದೆ.