ತಮ್ಮ ತಂದ ರಾಕ್ ಕ್ಯಾಸೆಟ್ಟುಗಳು

ನನಗೆ ಇಂಗ್ಲಿಷ್ ಬರುವುದಿಲ್ಲ. ಆದರೂ ಇಂಗ್ಲಿಷ್ ರಾಕ್ ಹಾಡುಗಳ ಬಗ್ಗೆ ಅಂಕೋಲೆಯಲ್ಲಿ ನನ್ನಷ್ಟು ಅಭಿಪ್ರಾಯ ಇಟ್ಟುಕೊಂಡ ಹೆಂಗಸು ಇನ್ನೊಬ್ಬಳು ಇರಲಿಕ್ಕಿಲ್ಲ. ಅದಕ್ಕೆ ಕಾರಣ ನನ್ನ ತಮ್ಮ.

ಅವನದು ಕಾರವಾರದಲ್ಲಿ ಟೇಪ್ ರೆಕಾರ್ಡರ್, ಟಿ.ವಿ. ರಿಪೇರಿಯ ಸಣ್ಣ ಅಂಗಡಿ. ರಿಪೇರಿ ಮುಗಿದ ಟೇಪನ್ನು ಗಿರಾಕಿಗೆ ಕೊಡುವ ಮೊದಲು ಅದರಲ್ಲಿ ಒಂದು ರಾಕ್ ಕ್ಯಾಸೆಟ್ಟು ಹಾಕಿ ಪೂರ್ತಿ ಕೇಳುತ್ತಿದ್ದ. ಭಜನೆ ಹಾಕಿದರೆ ಎಂಥ ಕೆಟ್ಟ ಸ್ಪೀಕರೂ ಸಾಧುವಿನ ಹಾಗೆ ಇರುತ್ತದಂತೆ. ಗಿಟಾರು ಕಿರುಚಿ ಡ್ರಮ್ಮು ಬಡಿದರೆ ಮಾತ್ರ ಒಳಗಿನ ಹುಳುಕು ಹೊರಗೆ ಬರುತ್ತದಂತೆ. ಹಾಗೆ ಕೆಲಸಕ್ಕೆಂದು ತಂದುಕೊಂಡ ಕ್ಯಾಸೆಟ್ಟುಗಳ ಹುಚ್ಚೇ ಅವನಿಗೆ ಹಿಡಿಯಿತು. ಮದುವೆ ಆಗಿರಲಿಲ್ಲ. ಮಾತಾಡಲಿಕ್ಕೆ ಇದ್ದವಳು ನಾನೊಬ್ಬಳೇ.

ಭಾನುವಾರ ಬೆಳಗಿನ ಬಸ್ಸಿಗೆ ಅಂಕೋಲೆಯ ನಮ್ಮ ಮನೆಗೆ ಬರುತ್ತಿದ್ದ. ಒಂದು ಕೈಯಲ್ಲಿ ಮೀನಿನ ಚೀಲ, ಇನ್ನೊಂದರಲ್ಲಿ ಕ್ಯಾಸೆಟ್ಟಿನ ಚೀಲ. ನಾನು ಮೀನು ಕೊಯ್ದು, ಕಾಯಿ ತುರಿದು, ಮಸಾಲೆ ಅರೆಯುವ ತನಕ ಅಡುಗೆಮನೆಯ ಕಿಟಕಿಯಲ್ಲಿ ಟೇಪು ಹಾಡುತ್ತಿತ್ತು. ಸಾರು ಕುದಿ ಬರುವಷ್ಟರಲ್ಲಿ ನಾನು ತೀರ್ಪು ಹೇಳಬೇಕು. ಬರೀ ‘ಚೊಲೋ ಇದೆ’ ಎಂದರೆ ಅವನು ಒಪ್ಪುತ್ತಿರಲಿಲ್ಲ. ಏನು ಚೊಲೋ, ಏನು ಹಾಳು, ಯಾಕೆ, ಎಲ್ಲವನ್ನೂ ಮುಲಾಜಿಲ್ಲದೆ ಹೇಳಬೇಕು. ಹೇಳಿದ್ದನ್ನು ಕ್ಯಾಸೆಟ್ಟಿನ ಡಬ್ಬಿಯೊಳಗಿನ ಕಾಗದದ ಮೇಲೆ ಬಾಲ್ ಪೆನ್ನಿನಲ್ಲಿ ಬರೆದಿಡುತ್ತಿದ್ದ.

ಒಮ್ಮೆ, ಕಾಲೇಜಿನವರೆಲ್ಲ ಅಂಗಿಯ ಮೇಲೆ ಚಿತ್ರ ಹಾಕಿಸಿಕೊಂಡು ತಿರುಗುತ್ತಿದ್ದ ತಂಡವೊಂದರ ಆಲ್ಬಮ್ ತಂದ. ನಾನು ಕೇಳಿ ಹೇಳಿದೆ, ‘ಇವ್ನಿಗೆ ದುಃಖ ಗಿಕ್ಖ ಎಂತದೂ ಇಲ್ಲ ಮಾರಾಯ. ಗಂಟಲು ಮಾತ್ರ ನೋಯ್ತಾ ಇದೆ. ಯಾರಾದ್ರೂ ಒಂದ್ ಲೋಟ ಬಿಸಿನೀರು ಕೊಡಿ.’

‘ಅಕ್ಕಾ, ಇದು ಇಡೀ ಜಗತ್ತಿಗೇ ಚೊಲೋ ಕಂಡದ್ದು!’

‘ಜಗತ್ತಿಗೆ ಕೂತು ಕೇಳೂಕೆ ಪುರಸೊತ್ತಿದೆ. ನಂಗೆ ಬಂಗಡೆ ಕೊಯ್ಯೂದಿದೆ. ಆರು ಹಾಡಲ್ಲೂ ಅಂವ ಒಂದೇ ಜಾಗದಲ್ಲಿ ಕೂಗ್ತಾನೆ. ಕೂಗೂಕಿಂತ ಮೊದ್ಲೇ ನಂಗೆ ಗೊತ್ತಾಗ್ತದೆ.’

ಅವನು ಟೇಪು ಹಿಂದೆ ಓಡಿಸಿ ಪರೀಕ್ಷೆ ಮಾಡಿದ. ನಕ್ಕ. ‘ಅಕ್ಕ: ಬಿಸಿನೀರು ಕೊಡಿ’ ಎಂದು ಬರೆದುಕೊಂಡ.

ಹತ್ತು ನಿಮಿಷದ ಹಾಡುಗಳ ಮೇಲೆ ನನಗೆ ಆಗಲೂ ನಂಬಿಕೆ ಇರಲಿಲ್ಲ, ಈಗಲೂ ಇಲ್ಲ. ಹೇಳಲಿಕ್ಕೆ ಇದ್ದವನು ಮೂರು ನಿಮಿಷದಲ್ಲಿ ಹೇಳಿ ಮುಗಿಸುತ್ತಾನೆ. ಮಿಕ್ಕಿದ್ದು ಗಿಟಾರಿನವನು ತನ್ನ ಬೆರಳು ಎಷ್ಟು ಚುರುಕು ಎಂದು ತೋರಿಸುವುದು. ಆದರೆ ಗದ್ದಲವೆಲ್ಲ ನಿಂತು ಒಬ್ಬನೇ ಮೆಲ್ಲಗೆ ಹಾಡುವ ಕಡೆ ಬಂದಾಗ ನನ್ನ ಕೈಯಲ್ಲಿದ್ದ ಕಾಯಿ ತುರಿಮಣೆಯ ಮೇಲೇ ನಿಲ್ಲುತ್ತಿತ್ತು. ಅದನ್ನೂ ಅವನು ಕಂಡು ಬರೆಯುತ್ತಿದ್ದ: ‘ಇಲ್ಲಿ ಅಕ್ಕ ಸುಮ್ಮನಾದಳು.’

ಸಿನಿಮಾಕ್ಕೂ ಇದೇ ಕಾನೂನು. ಊರವರು ಮೂರು ಮೂರು ಸಲ ನೋಡಿ ಅತ್ತುಬಂದ ಪ್ರೇಮದ ಸಿನಿಮಾವೊಂದಕ್ಕೆ ನನ್ನನ್ನೂ ನನ್ನ ಗಂಡನನ್ನೂ ಮ್ಯಾಟಿನಿಗೆ ಕರೆದೊಯ್ದ. ನನ್ನ ಗಂಡನಿಗೆ ಕೈಗಾದಲ್ಲಿ ನೌಕರಿ. ದಿನಾ ಬೆಳಗಾಗುವ ಮೊದಲೇ ಕಂಪನಿ ಬಸ್ಸಿಗೆ ಓಡುವ ಮನುಷ್ಯ, ಥೇಟರಿನಲ್ಲಿ ದೀಪ ಆರಿದ ಕೂಡಲೇ ನಿದ್ದೆ ಹೋದರು. ಹೊರಗೆ ಬಂದು ನಾನು ಶುರು ಮಾಡಿದೆ, ‘ಹುಡುಗಿ ಸಿಗ್ಲಿಲ್ಲ ಅಂತ ಊರೂರು ಅಲೀತಾನೆ, ಅಂಗಿಯ ಇಸ್ತ್ರಿ ಮಾತ್ರ ಮುರೀಲಿಲ್ಲ. ಯಾರು ಮಾಡಿ ಕೊಡ್ತಿದ್ರು ಅವ್ನಿಗೆ?’

‘ನಿಮ್ಮ ಅಕ್ಕ–ತಮ್ಮನ ಬಾಯಿಗೆ ಸಿಕ್ಕದ್ದು ಒಂದೂ ಉಳಿಯೂದಿಲ್ಲ,’ ಎಂದರು ನನ್ನ ಗಂಡ. ‘ನಂಗಂತೂ ಚೊಲೋ ಕಂಡಿತು.’

‘ಭಾವಾ, ನೀವು ಕಂಡದ್ದು ಯಾವ ಸಿನಿಮಾ? ನಿದ್ದೆಯಲ್ಲಿದ್ದದ್ದಾ?’

ಸಿ.ಡಿ. ಬಂದು ಕ್ಯಾಸೆಟ್ಟು ಹಿಂದೆ ಬಿದ್ದ ಕಾಲಕ್ಕೆ ತಮ್ಮನಿಗೆ ಊಟ ಸೇರದಾಯಿತು. ಗ್ಯಾಸು ಎಂದುಕೊಂಡ, ಕಷಾಯ ಕುಡಿದ. ಸೊಂಟದ ಪ್ಯಾಂಟು ಜಾರತೊಡಗಿದ ಮೇಲೆ ಗೋವಾದ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಡಾಕ್ಟರು ನನ್ನನ್ನೂ ಗಂಡನನ್ನೂ ಮಾತ್ರ ಒಳಗೆ ಕರೆದು ಹೇಳಿದರು: ಹೊಟ್ಟೆಯ ಕ್ಯಾನ್ಸರು, ತುಂಬ ಮುಂದೆ ಹೋಗಿದೆ, ಎರಡು ಮೂರು ತಿಂಗಳು.

ನಮ್ಮಲ್ಲಿ ಇಂಥದ್ದನ್ನು ರೋಗಿಗೆ ಹೇಳುವ ರೂಢಿ ಇಲ್ಲ. ಅಲ್ಸರ್ ಎಂದು ಹೇಳಿ ನಮ್ಮ ಮನೆಗೇ ಕರೆತಂದೆವು. ಗಂಡ ಆಸ್ಪತ್ರೆಯ ಕಾಗದಗಳನ್ನು ಅಕ್ಕಿ ಡಬ್ಬಿಯ ಹಿಂದೆ ಮುಚ್ಚಿಟ್ಟರು. ನೋಡಲು ಬಂದವರಿಗೆ ಅಂಗಳದಲ್ಲೇ ತಾಕೀತು ಮಾಡಿ ಒಳಗೆ ಬಿಡುತ್ತಿದ್ದೆವು. ನಾನು ಒಲೆಯ ಮುಂದೆ ಅತ್ತು, ಮುಖ ತೊಳೆದು, ಗಂಜಿ ಒಯ್ಯುತ್ತಿದ್ದೆ. ಎಲ್ಲ ಸರಿಯಾಗಿ ನಡೆಸುತ್ತಿದ್ದೇವೆ ಎಂದೇ ಅಂದುಕೊಂಡಿದ್ದೆ.

ಒಂದು ದಿನ ತಮ್ಮ ತಾನು ತರಿಸಿಕೊಂಡ ಹೊಸ ಸಿ.ಡಿ. ಹಾಕಿದ. ಅವನು ಬಹಳ ವರ್ಷದಿಂದ ಮೆಚ್ಚಿಕೊಂಡಿದ್ದ ತಂಡವೇ, ಎಲ್ಲರಿಗೂ ವಯಸ್ಸಾಗಿತ್ತು. ಮೊದಲನೇ ಹಾಡಿಗೇ ನನಗೆ ಗೊತ್ತಾಯಿತು. ದನಿ ಹೋಗಿದೆ, ಹೋದದ್ದನ್ನು ಮುಚ್ಚಲಿಕ್ಕೆ ಹಿಂದೆ ಇಪ್ಪತ್ತು ಪಿಟೀಲು ಕೂರಿಸಿದ್ದಾರೆ. ಬೇರೆ ದಿನವಾಗಿದ್ದರೆ ಚರ್ಮ ಸುಲಿಯುತ್ತಿದ್ದೆ. ಅವನು ಎರಡು ದಿಂಬಿಗೆ ಒರಗಿ ನನ್ನನ್ನೇ ನೋಡುತ್ತಿದ್ದ. ಕುತ್ತಿಗೆಯ ಎಲುಬು ಎದ್ದು ಕಾಣುತ್ತಿತ್ತು.

‘ಚೊಲೋ ಇದೆ,’ ಅಂದೆ. ‘ಎಲ್ಲಾ ಹಾಡೂ ಚೊಲೋ ಇದೆ.’

ಅವನು ಕೈ ಚಾಚಿ ಪ್ಲೇಯರ್ ಬಂದ್ ಮಾಡಿದ. ‘ಡಾಕ್ಟರು ಎಷ್ಟು ದಿನ ಅಂದ್ರು ಅಕ್ಕಾ?’ ಎಂದ.

ನಾನು ಸೆರಗಿನ ತುದಿ ಹಿಡಿದು ನಿಂತೆ. ಅಲ್ಸರಿಗೆ ಯಾರು ದಿನ ಎಣಿಸ್ತಾರೆ ಎಂದೇನೋ ಬಡಬಡಿಸಿದೆ.

‘ಇಷ್ಟು ವರ್ಷದಲ್ಲಿ ನೀನು ಒಂದಾದ್ರೂ ಆಲ್ಬಮ್ಮಿಗೆ ಎಲ್ಲಾ ಹಾಡೂ ಚೊಲೋ ಅಂದದ್ದಿದ್ಯಾ? ಹೇಳು ಮಾರಾಯ್ತಿ. ಅಂಗಡಿಯಲ್ಲಿ ಮಂದಿಯ ಸೆಟ್ಟುಗಳಿದಾವೆ, ತಿರುಗಿ ಮುಟ್ಟಿಸ್ಬೇಕು.’

ಹೇಳಿದೆ. ಎರಡು, ಮೂರು ತಿಂಗಳು ಎಂದು. ಅವನು ತಲೆ ಅಲ್ಲಾಡಿಸಿದ. ಅಳಲಿಲ್ಲ. ಗೋಡೆಯ ಕಡೆ ತಿರುಗಿ ಮಲಗಿದ. ನಾನು ಗಂಜಿ ಇಟ್ಟುಬಂದೆ. ತಿರುಗಿ ಹೋಗಿ ನೋಡಿದಾಗ ತಟ್ಟೆ ಹಾಗೇ ಇತ್ತು, ಮೇಲೆ ಕೆನೆ ಕಟ್ಟಿತ್ತು.

ಸಂಜೆ ಕೈಗಾದಿಂದ ಬಂದ ಗಂಡನಿಗೆ ತಿಳಿಸಿದೆ. ಅವರು ಬೈಯಲಿಲ್ಲ. ‘ನಾಲ್ಕು ದಿನ ಆಸೆ ಇಟ್ಕೊಂಡು ಇರ್ತಿದ್ದ,’ ಎಂದಷ್ಟೇ ಹೇಳಿ ಕೈಕಾಲು ತೊಳೆಯಲು ಹೋದರು.

ಮುಂದಿನ ಭಾನುವಾರ ನಾವಿಬ್ಬರು ಕಾರವಾರಕ್ಕೆ ಹೋಗಿ, ಅವನು ಹೇಳಿಕೊಟ್ಟ ಪ್ರಕಾರ ಯಾವ ಟೇಪು ಯಾರದೆಂದು ನೋಡಿ ಎಲ್ಲರಿಗೂ ಮುಟ್ಟಿಸಿದೆವು. ಅಂಗಡಿಯ ಬೀಗದಕೈ ತಂದು ಅವನ ದಿಂಬಿನ ಹತ್ತಿರ ಇಟ್ಟೆ. ಆಮೇಲೆ ಅವನು ಹೊಸ ಸಿ.ಡಿ. ತರಿಸಲಿಲ್ಲ. ಹಳೆಯ ಕ್ಯಾಸೆಟ್ಟುಗಳನ್ನೇ ಹಾಕುತ್ತಿದ್ದ. ತೀರ್ಪು ಕೇಳುವುದನ್ನೂ ಬಿಟ್ಟ. ನಾನು ಕೋಣೆಗೆ ಹೋದರೆ ಧ್ವನಿ ತಗ್ಗಿಸುತ್ತಿದ್ದ.

ಕೊನೆಯ ವಾರದ ಒಂದು ಮಧ್ಯಾಹ್ನ ಅವನ ಬಟ್ಟೆ ಮಡಚುತ್ತ ಕುಳಿತಿದ್ದೆ. ನಾನೇ ಹಿಂದೆ ಯಾವಾಗಲೋ ಅರ್ಧಕ್ಕೆ ನಿಲ್ಲಿಸಿ, ಇದನ್ನು ಮನೆಯೊಳಗೆ ತರಬೇಡ ಎಂದಿದ್ದ ಕ್ಯಾಸೆಟ್ಟೊಂದು ಓಡುತ್ತಿತ್ತು. ಆ ದಿನ ಪೂರ್ತಿ ಕೇಳಿದೆ. ನಾನು ನಿಲ್ಲಿಸಿದ್ದ ಜಾಗದಿಂದ ಸ್ವಲ್ಪ ಮುಂದೆ ಹೋದರೆ ಹಾಡುವವನು ಕೂಗುವುದನ್ನು ಬಿಟ್ಟು, ಪಕ್ಕದಲ್ಲಿ ಕುಳಿತವರ ಜೊತೆ ಮಾತಾಡುವ ಹಾಗೆ ಹಾಡುತ್ತಾನೆ. ಚೊಲೋ ಇತ್ತು. ನಿಜವಾಗಿ ಚೊಲೋ ಇತ್ತು. ನಾನು ಅಂದು ಅವಸರ ಮಾಡಿದ್ದೆ.

ಹೇಳಲೆಂದು ತಲೆ ಎತ್ತಿದೆ. ಅವನು ನನ್ನನ್ನು ನೋಡುತ್ತಿದ್ದ. ಈ ಬಾಯಿಯಿಂದ ಚೊಲೋ ಎಂಬ ಮಾತು ಬಂದರೆ ಅವನು ಅದನ್ನು ಇನ್ನೊಂದು ಸುಳ್ಳು ಸಮಾಧಾನ ಎಂದೇ ತಿಳಿಯುತ್ತಾನೆ ಎನ್ನುವುದು ನನಗೆ ಗೊತ್ತಿತ್ತು.

‘ಚಾ ಮಾಡ್ಲಾ?’ ಎಂದು ಕೇಳಿದೆ.

‘ಸ್ವಲ್ಪ ಮಾಡು,’ ಎಂದ.

ಎದ್ದು ಹೋಗಿ ನೀರಿಟ್ಟೆ. ಒಳಗೆ ಹಾಡು ಮುಗಿಯುವ ತನಕ ಒಲೆಯ ಹತ್ತಿರವೇ ನಿಂತಿದ್ದೆ.