ಕೆನ್ನೆಯ ಕೆಂಪು

ಇಸ್ತ್ರಿ ಹಾಕಿದ ಕರಿಕೋಟುಗಳನ್ನು ವಕೀಲರಿಗೆ ಮುಟ್ಟಿಸಿ ಮುಟ್ಟಿಸಿ ಅವನಿಗೂ ವಾದದ ಚಟ ಅಂಟಿತ್ತು. ಬೀದಿಯವರು ಅವನನ್ನು ಕರೆಯುತ್ತಿದ್ದುದೇ ಲಾಯರ್ ಎಂದು. ರಸ್ತೆ ಅಗೆಯಲು ಶುರುಮಾಡಿದ ಮೇಲೆ ಧೂಳಿಗೆ ಹೆದರಿ, ಇಸ್ತ್ರಿ ಅಂಗಡಿಯ ಶಟರನ್ನು ಮೊಣಕಾಲೆತ್ತರಕ್ಕೆ ಇಳಿಸಿಬಿಟ್ಟಿದ್ದ. ಗಂಟು ಹೊತ್ತು ಮನೆಮನೆಗೆ ಬಟ್ಟೆ ಮುಟ್ಟಿಸುವುದು ಅವನ ಪಾಲು. ಒಳಗೆ ಇದ್ದಿಲ ಕೆಂಡದ ಪಕ್ಕ ನಿಂತು ಇಸ್ತ್ರಿ ಹಾಕುವುದು ಹೆಂಡತಿಯ ಪಾಲು.

“ತಲೆ ಸಿಡೀತಿದೆ ಕಣ್ರೀ. ಶಟರ್ ಒಂಚೂರು ಎತ್ತಿ.”

“ಕೆನ್ನೆ ನೋಡ್ಕೋ ಕನ್ನಡೀಲಿ. ಮದುವೆ ದಿನವೂ ಇಷ್ಟು ಕೆಂಪಗಿರಲಿಲ್ಲ ನೀನು.”

“ಆವತ್ತು ನೀವು ತಲೆ ಎತ್ತಿದ್ರೆ ತಾನೆ ಗೊತ್ತಾಗೋದು.”

ಲಾಯರಿಗೆ ಸಾಕ್ಷಿ ಬೇಕಾಯಿತು. ಪಕ್ಕದ ಔಷಧಿ ಅಂಗಡಿಯಿಂದ ಆಕ್ಸಿಜನ್ ನೋಡುವ ಪುಟ್ಟ ಮಿಷನ್ ತಂದು ಅವಳ ಬೆರಳಿಗೆ ಸಿಕ್ಕಿಸಿದ.

“ನೂರಕ್ಕೆ ತೊಂಬತ್ತೊಂಬತ್ತು. ಸ್ಕೂಲಲ್ಲಿ ಯಾವತ್ತಾದ್ರೂ ಇಷ್ಟು ತಗೊಂಡಿದ್ಯಾ?”

ಹೆಂಡತಿಯ ಮುಂದೆ ವಾದ ಗೆಲ್ಲುವ ಸುಖ ನಮ್ಮಂಥವರಿಗೆ ಎಲ್ಲಿ ಬರಬೇಕು. ಅವನು ಶಿಳ್ಳೆ ಹಾಕುತ್ತ ಗಂಟು ಹೊತ್ತು ಹೊರಟ. ತಿರುಗಿ ಬಂದಾಗ ಮೇಜಿನ ಮೇಲೆ ಯಾರದೋ ಅಂಗಿ ಹೊಗೆಯಾಡುತ್ತಿತ್ತು. ಅವಳು ಕೆಳಗೆ ಬಿದ್ದಿದ್ದಳು.

ಆಸ್ಪತ್ರೆಯಲ್ಲಿ ಡಾಕ್ಟರಮ್ಮ ರಕ್ತ ಪರೀಕ್ಷೆ ಮಾಡಿಸಿ ಅವನನ್ನು ಕೂರಿಸಿಕೊಂಡರು.

“ನೀವು ಗಂಟು ಹೊತ್ತು ಮನೆಮನೇಲಿ ಬಟ್ಟೆ ಇಳಿಸ್ತೀರಲ್ಲ, ರಕ್ತದ ಕೆಂಪು ಕಣದ್ದೂ ಅದೇ ಕೆಲಸ. ಶ್ವಾಸಕೋಶದಲ್ಲಿ ಆಕ್ಸಿಜನ್ ಹೇರ್ಕೊಂಡು, ಮಿದುಳು, ಹೃದಯ, ಕೈಕಾಲು, ಎಲ್ಲಿ ಬೇಕೋ ಅಲ್ಲಿ ಇಳಿಸುತ್ತೆ. ಇದ್ದಿಲಿಂದ ಒಂದು ವಿಷಗಾಳಿ ಬರುತ್ತೆ. ಬಣ್ಣ ಇಲ್ಲ, ವಾಸನೆ ಇಲ್ಲ. ಅದು ಒಂದ್ಸಲ ಆ ಕಣದ ಹೆಗಲೇರಿದ್ರೆ ಬೇಗ ಇಳಿಯಲ್ಲ. ಜೊತೇಲಿರೋ ಆಕ್ಸಿಜನ್ನನ್ನೂ ಸಲೀಸಾಗಿ ಇಳಿಯೋಕೆ ಬಿಡಲ್ಲ.”

“ಮಿಷನ್ನು ತೊಂಬತ್ತೊಂಬತ್ತು ಅಂತ ತೋರಿಸ್ತಲ್ಲ ಮೇಡಂ?”

“ಗಂಟು ತುಂಬಿದೆ ಅಂತಷ್ಟೇ ಅದಕ್ಕೆ ಕಾಣೋದು. ಒಳಗಿರೋದು ಏನು ಅಂತ ತಿಳಿಯಲ್ಲ. ಕೆನ್ನೆ ಕೆಂಪಾಗಿದ್ದೂ ಆ ಗಾಳಿಯಿಂದಲೇ.”

“ಬದುಕ್ತಾಳಾ?”

“ಮಾಸ್ಕ್ ಹಾಕಿದೀವಿ, ಗಾಳಿ ಹೊರಗೆ ಹೋಗ್ತಿದೆ. ಜೀವಕ್ಕೆ ಭಯ ಇಲ್ಲ. ಮಿದುಳು ಎಷ್ಟು ಹೊತ್ತು ಉಪವಾಸ ಬಿದ್ದಿತ್ತೋ, ಎಚ್ಚರ ಆದಮೇಲೇ ಗೊತ್ತಾಗೋದು.”

ಸಂಜೆಗೆ ಅವಳು ಕಣ್ಣು ಬಿಟ್ಟಳು. ಕೆನ್ನೆಯ ಕೆಂಪು ಇಳಿದು ಎಂದಿನ ಬಣ್ಣಕ್ಕೆ ಬಂದಿತ್ತು. ಅವನು ಮಂಚದ ಅಂಚಿಗೆ ಬಗ್ಗಿದ.

“ನಾನ್ಯಾರು ಹೇಳು?”

“ಇದೇನ್ರೀ ತಮಾಷೆ,” ಎಂದಳು, ಮಾಸ್ಕಿನ ಒಳಗಿಂದ. ಅವನಿಗೆ ಹೋದ ಜೀವ ಬಂದಂತಾಯಿತು.

ಅವಳು ಬಾಗಿಲ ಕಡೆ ನೋಡಿದಳು. “ಮಗಳು ಸ್ಕೂಲಿಂದ ಬಂದ್ಲಾ?”

ಮಗಳಿಗೆ ಮದುವೆಯಾಗಿ, ಅವಳ ಮಗುವೇ ಈಗ ಸ್ಕೂಲಿಗೆ ಹೋಗುತ್ತಿತ್ತು. ಅವನು ಪಕ್ಕದಲ್ಲಿ ನಿಂತಿದ್ದ ಡಾಕ್ಟರಮ್ಮನ ಮುಖ ನೋಡಿದ. ಅವರು ಸುಮ್ಮನಿರಿ ಎಂಬಂತೆ ಕೈ ಮಾಡಿದರು.

“ಬರ್ತಾಳೆ,” ಎಂದ. “ಇನ್ನೇನು ಬರೋ ಹೊತ್ತು.”